ಉಳಿತಾಯ ಎಲ್ಲರದ್ದು, ಸಾಲ ಒಬ್ಬರದ್ದು: ಒಂದು ನಾಡದೋಣಿ ಗುಂಪು ಟು-ಸ್ಟ್ರೋಕ್ ಎಂಜಿನ್ ಬದಲಿಸಿದ ಪ್ರಕರಣ

ಉಡುಪಿ ಜಿಲ್ಲೆಯ ಒಂದು ಕಡಲೂರಿನ ನಾಡದೋಣಿ ಗುಂಪು ತನ್ನ ಸೀಮೆಎಣ್ಣೆ ಎಂಜಿನ್‌ಗಳನ್ನು ಬದಲಿಸಲು ಹೊರಟು ಎರಡು ಮಳೆಗಾಲಗಳಲ್ಲಿ ಏನೇನು ಮಾಡಿತು ಎಂಬುದರ ದಾಖಲೆ ಇದು. ಊರಿನ ಹೆಸರು, ಗುಂಪಿನ ಹೆಸರು, ಜನರ ಹೆಸರು ಬರೆದಿಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ದುಂಡಾಗಿಸಿದ್ದೇನೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ಗಳ ದುರಸ್ತಿಯಲ್ಲಿ ಬಹುಕಾಲ ಕೈ ಮಸಿ ಮಾಡಿಕೊಂಡವನೆಂಬ ಕಾರಣಕ್ಕೆ ಗುಂಪಿನವರು ನನ್ನನ್ನು ಜೊತೆಗೆ ಕರೆದುಕೊಂಡರು. ಇಂಥದ್ದೇ ತೀರ್ಮಾನ ಮಾಡಬೇಕಾದ ಗುಂಪುಗಳು ಕರಾವಳಿಯಲ್ಲಿ ಬಹಳ ಇವೆ. ಅವರಿಗೆ ಉಪಯೋಗವಾಗಲಿ ಎಂದು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಗುಂಪು, ದೋಣಿ, ಎಂಜಿನ್

ಗುಂಪಿನಲ್ಲಿ ನಾಲ್ಕು ಫೈಬರ್ ದೋಣಿಗಳು, ಸುಮಾರು ಮೂವತ್ತು ಜನ. ವರ್ಷದ ಉಳಿದ ತಿಂಗಳು ಇವರು ಎರಡೆರಡು, ಮೂರು ಮೂರು ಜನರಾಗಿ, ಮೀನಿನ ಕಿವಿರು ಸಿಕ್ಕಿಕೊಳ್ಳುವ ಕಂತಬಲೆ ಬಿಡುತ್ತಾರೆ. ಮಳೆಗಾಲ ಬಂತೆಂದರೆ ಎಲ್ಲರೂ ಒಂದಾಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್‌ಬೋಟ್, ಪರ್ಸೀನ್ ಬೋಟ್‌ಗಳೆಲ್ಲ ಮೀನುಗಾರಿಕೆ ನಿಷೇಧದಿಂದಾಗಿ ಬಂದರಿನಲ್ಲಿ ಕಟ್ಟಿಕೊಂಡಿರುವ 61 ದಿನ ಕಡಲು ನಾಡದೋಣಿಯವರದ್ದು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳಿಗೆ ಈ ನಿಷೇಧದಿಂದ ವಿನಾಯಿತಿ ಇದೆ. ತೂಫಾನ್ ಎದ್ದು ಕಡಲು ಕದಡಿ, ಸಿಗಡಿ, ಬಂಗುಡೆ, ಬೂತಾಯಿ ದಡದ ಹತ್ತಿರ ಬರುವ ಆ ದಿನಗಳೇ ಇವರ ವರ್ಷದ ಸಂಪಾದನೆಯ ಬಹುಪಾಲು.

10 ಅಶ್ವಶಕ್ತಿಯ ಈ ಮಿತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎಂಜಿನ್ ಸಾಲದು ಎನಿಸಿದರೆ ದೊಡ್ಡದು ತರುವ ದಾರಿ ಇವರಿಗಿಲ್ಲ. ಹೊಸ ಎಂಜಿನ್ ಯಾವುದೇ ಇರಲಿ, 9.9 ಅಶ್ವಶಕ್ತಿಯೊಳಗೇ ಹಳೆಯದು ಮಾಡುತ್ತಿದ್ದ ಕೆಲಸವನ್ನೆಲ್ಲ ಮಾಡಬೇಕು.

ಹಳೆಯದು ಎಂದರೆ ಸೀಮೆಎಣ್ಣೆಯ ಟು-ಸ್ಟ್ರೋಕ್. 1970ರ ದಶಕದ ನಡುವೆ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಬಂದು, ದಡದಿಂದ ಎಳೆಯುವ ರಂಪಣಿ ಬಲೆ ಕುಸಿದ ಮೇಲೆ, ಮೀನನ್ನು ಹುಡುಕಿಕೊಂಡು ಹೋಗಲೇಬೇಕಾದ ನಾಡದೋಣಿಯವರ ಕೈಗೆ ಔಟ್‌ಬೋರ್ಡ್ ಎಂಜಿನ್ ಬಂತು. ಈ ಎಂಜಿನನ್ನು ಪೆಟ್ರೋಲ್‌ನಲ್ಲಿ ಎಳೆದು ಶುರು ಮಾಡಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್‌ಗೆ ತಂದು ಕಾರ್ಬ್ಯುರೇಟರ್ ಸ್ವಚ್ಛ ಮಾಡಬೇಕು. ತಣ್ಣಗಿನ ಎಂಜಿನ್‌ನಲ್ಲಿ ಸೀಮೆಎಣ್ಣೆ ಆವಿಯಾಗುವುದಿಲ್ಲ, ಅದಕ್ಕೇ ಇಷ್ಟೆಲ್ಲ. ಪ್ಲಗ್ ಬೇಗ ಮಸಿ ಹಿಡಿಯುತ್ತದೆ, ಹೊಗೆ ಕಣ್ಣು ಉರಿಸುತ್ತದೆ. ಆದರೂ ಈ ಗುಂಪನ್ನು ಕಡಲಿನಲ್ಲಿ ಮುನ್ನಡೆಸುವ ತಾಂಡೇಲರಿಗೆ ಆ ಎಂಜಿನ್ ಮೇಲೆ ಇದ್ದ ನಂಬಿಕೆಗೆ ಗಟ್ಟಿ ಕಾರಣವಿತ್ತು. ಅದರಲ್ಲಿ ವಾಲ್ವ್ ಇಲ್ಲ, ಎಣ್ಣೆ ಪಂಪ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ. ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂ ಡ್ರೈವರ್ ಇದ್ದರೆ ಕತ್ತಲಲ್ಲಿ, ಅಲೆಯ ಮೇಲೆ, ಬೆರಳಿನ ಅಂದಾಜಿನಲ್ಲೇ ಬಿಚ್ಚಿ ಕಟ್ಟಬಹುದು.

‘ಸಮುದ್ರದ್ ಮಧ್ಯ ನಿಂತ್ರೆ ಯಾರ್ ಬತ್ರ್ ಮಾರಾಯ್ರೆ?’ ಎಂದು ಅವರು ಮೊದಲ ಸಭೆಯಲ್ಲೇ ಕೇಳಿದರು. ಹೊಸ ಎಂಜಿನ್ ಮಾರಲು ಬಂದವರು ಯಾರೂ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಿರಲಿಲ್ಲ.

ಒತ್ತಡ ಬಂದ ದಾರಿ

ರಸ್ತೆಯ ಮೇಲೆ ಟು-ಸ್ಟ್ರೋಕ್‌ನ ಕಥೆ ಎಂದೋ ಮುಗಿದಿದೆ. 1991ರಲ್ಲಿ ಶುರುವಾದ ಹೊಗೆ ಮಿತಿಗಳು 1996ರಲ್ಲಿ, 2000ದಲ್ಲಿ ಬಿಗಿಯಾಗುತ್ತ ಬಂದವು. ಮೈಸೂರಿನ ಯೆಜ್ದಿ ಕಾರ್ಖಾನೆ 1996ರಲ್ಲಿ ನಿಂತಿತು. ಆರ್‌ಎಕ್ಸ್ 100 ತಯಾರಿ ಮುಗಿದದ್ದೂ ಅದೇ ವರ್ಷ. 2017ರ ಭಾರತ್ ಸ್ಟೇಜ್ 4, 2020ರ ಏಪ್ರಿಲ್‌ನ ಭಾರತ್ ಸ್ಟೇಜ್ 6 ದಾಟಿ ಬರುವಾಗ ಹೊಸ ಟು-ಸ್ಟ್ರೋಕ್ ಮೊಪೆಡ್ ಕೂಡ ಅಂಗಡಿಯಲ್ಲಿ ಉಳಿಯಲಿಲ್ಲ. ಉಡುಪಿ, ಮಂಗಳೂರಿನ ಆಟೊ ಸ್ಟ್ಯಾಂಡ್‌ಗಳಲ್ಲಿ ನೀಲಿ ಹೊಗೆ ಕಾಣದೆ ವರ್ಷಗಳಾದವು.

ಕಡಲಿನಲ್ಲಿ ಹಾಗೆ ಆಗಲಿಲ್ಲ. ಈ ಗುಂಪಿಗೆ ಒತ್ತಡ ಬಂದದ್ದು ಇಂಧನದ ದಾರಿಯಿಂದ. ಸೀಮೆಎಣ್ಣೆಯನ್ನು ದೇಶದ ಅಡುಗೆಮನೆಗಳಿಂದ ತೆಗೆಯುತ್ತ ಬಂದಂತೆ ಕೇಂದ್ರದ ಹಂಚಿಕೆ ವರ್ಷ ವರ್ಷ ಇಳಿಯಿತು. ನಾಡದೋಣಿಯ ಪರ್ಮಿಟ್‌ಗೆ ಸಿಗುವ ರಿಯಾಯಿತಿ ಸೀಮೆಎಣ್ಣೆ ಕಡಿಮೆಯಾಯಿತು, ಸಿಗುವುದೂ ತಡವಾಯಿತು. ಜೂನ್‌ನಲ್ಲಿ ಬೇಕಾದ ಎಣ್ಣೆ ಆಗಸ್ಟ್‌ನಲ್ಲಿ ಬಂದರೆ ಯಾರಿಗೆ ಉಪಯೋಗ? ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಹೋಗುವವರಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನ ಕೊಡುವ ಯೋಜನೆಯನ್ನು 2023ರ ರಾಜ್ಯ ಬಜೆಟ್ ಘೋಷಿಸಿತು. ಗುಂಪಿನಲ್ಲಿ ಚರ್ಚೆ ಗಂಭೀರವಾದದ್ದು ಆ ಮೇಲೆ.

ಇಂಧನದ ವಿಷಯ ಒತ್ತಟ್ಟಿಗಿರಲಿ, ಹೊಗೆಯ ಪ್ರಶ್ನೆಯನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ. ಕಾರ್ಬ್ಯುರೇಟರ್ ಇರುವ ಟು-ಸ್ಟ್ರೋಕ್‌ನಲ್ಲಿ ಹೊಸ ಇಂಧನ ಸಿಲಿಂಡರಿನೊಳಗೆ ಬರುವ ಕಿಂಡಿಯೂ ಸುಟ್ಟ ಹೊಗೆ ಹೊರಹೋಗುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಮುಂಬಾಗಿಲು, ಹಿಂಬಾಗಿಲು ಎರಡೂ ತೆರೆದ ಮನೆಯಲ್ಲಿ ಗಾಳಿ ನಿಲ್ಲದೆ ಹಾದುಹೋಗುವಂತೆ, ಬಂದ ಇಂಧನದಲ್ಲಿ ಒಂದು ಭಾಗ ಸುಡದೆ ನೇರ ಹೊರಟುಹೋಗುತ್ತದೆ. ಹಳೆ ಮಾದರಿಯ ಔಟ್‌ಬೋರ್ಡ್‌ಗಳಲ್ಲಿ ಹೀಗೆ ಹೋಗುವುದು ನಾಲ್ಕರಲ್ಲೊಂದು ಭಾಗದಷ್ಟಿರುತ್ತದೆ. ಅದರ ಜೊತೆ ಎಂಜಿನ್ನಿಗೆ ಜಿಡ್ಡಾಗಲೆಂದು ಇಂಧನಕ್ಕೆ ಬೆರೆಸಿದ ಟು-ಟಿ ಆಯಿಲ್ ಕೂಡ ಹೋಗುತ್ತದೆ. ಔಟ್‌ಬೋರ್ಡ್‌ನ ಹೊಗೆ ಹೊರಬರುವುದು ನೀರಿನೊಳಗೆ. ಸ್ವರ್ಣಾ, ಸೀತಾ ನದಿಗಳು ಸೇರಿ ಕಡಲಿಗೆ ಇಳಿಯುವ ಕೋಡಿಬೆಂಗ್ರೆಯಂಥ ಅಳಿವೆಗಳಲ್ಲಿ ದೋಣಿಗಳೆಲ್ಲ ಒಂದೇ ಬಾಗಿಲಿನಿಂದ ಹೋಗಿ ಬರುತ್ತವೆ. ಅದೇ ನೀರಿನಲ್ಲಿ ಹೆಂಗಸರು ಸೊಂಟದವರೆಗೆ ಇಳಿದು ಮರುವಾಯಿ ಚಿಪ್ಪು ಆಯುತ್ತಾರೆ. ಬೆಳಗಿನ ಹೊತ್ತು ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪದರ ತೇಲುವುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಅಳಿವೆಯನ್ನು ನಂಬಿ ಬದುಕುವವರೇ ಅದಕ್ಕೆ ಎಣ್ಣೆ ಕುಡಿಸಬೇಕಾದ ಸ್ಥಿತಿ ನನಗೆ ನೋವು ಕೊಡುತ್ತದೆ.

ಟು-ಸ್ಟ್ರೋಕನ್ನೇ ಶುದ್ಧ ಮಾಡುವ ದಾರಿ ಇರಲಿಲ್ಲವೇ ಎಂದು ಗುಂಪಿನ ಹುಡುಗನೊಬ್ಬ ಕೇಳಿದ. ಇತ್ತು. ಅಮೆರಿಕ 1996ರಲ್ಲಿ ಔಟ್‌ಬೋರ್ಡ್‌ಗಳಿಗೆ ನಿಯಮ ತಂದಾಗ, ಹೊರಹೋಗುವ ಕಿಂಡಿ ಮುಚ್ಚಿದ ಮೇಲಷ್ಟೇ ಸಿಲಿಂಡರಿಗೆ ನೇರವಾಗಿ ಇಂಧನ ಚಿಮ್ಮುವ ಟು-ಸ್ಟ್ರೋಕ್‌ಗಳು ಬಂದವು. ಮರ್ಕ್ಯುರಿ ಕಂಪನಿಯ ಆಪ್ಟಿಮ್ಯಾಕ್ಸ್, ಎವಿನ್‌ರೂಡ್‌ನ ಇ-ಟೆಕ್ ಹೀಗೆ ಹೆಸರು ಮಾಡಿದವು. ಅವು ನಿಜವಾಗಿಯೂ ಒಳ್ಳೆಯ ಎಂಜಿನ್‌ಗಳು. ಆದರೆ ಒಳಬರುವ, ಹೊರಹೋಗುವ ದಾರಿಗಳಿಗೆ ಬೇರೆ ಬೇರೆ ವಾಲ್ವ್ ಇರುವ ಫೋರ್-ಸ್ಟ್ರೋಕ್‌ಗಳು ಹಗುರವಾಗುತ್ತ, ನಿಶ್ಶಬ್ದವಾಗುತ್ತ ಬಂದಂತೆ ಮಾರುಕಟ್ಟೆ ಆ ಕಡೆ ವಾಲಿತು. 2020ರಲ್ಲಿ ಎವಿನ್‌ರೂಡ್ ತಯಾರಿಯೂ ನಿಂತಿತು. ಆ ತಂತ್ರ ಬಹುಪಾಲು ದೊಡ್ಡ ಎಂಜಿನ್‌ಗಳಲ್ಲೇ ಉಳಿಯಿತು. ನಮ್ಮ 9.9ರ ಗಿರಾಕಿಗೆ ಅದು ತಲುಪಲಿಲ್ಲ.

ಮೊದಲ ಪ್ರಯತ್ನ: ಅದೇ ಎಂಜಿನ್, ಪೆಟ್ರೋಲ್

ಮೊದಲ ಮಳೆಗಾಲದಲ್ಲಿ ಗುಂಪು ಖರ್ಚಿಲ್ಲದ ದಾರಿ ಹಿಡಿಯಿತು. ಒಂದು ದೋಣಿಯ ಹಳೆ ಎಂಜಿನನ್ನೇ ಪೂರ್ತಿ ಪೆಟ್ರೋಲ್‌ನಲ್ಲಿ ಓಡಿಸಿದರು. ಆಯಿಲ್ ಬೆರೆಸುವ ಪ್ರಮಾಣ ಇಳಿಸಿದೆವು. ಬೈಕಿಗೆ ಹಾಕುವ ಅಗ್ಗದ ಟು-ಟಿ ಬಿಟ್ಟು ನೀರಿನಿಂದ ತಂಪಾಗುವ ಔಟ್‌ಬೋರ್ಡ್‌ಗಳಿಗೆಂದೇ ಇರುವ ಟಿಸಿ-ಡಬ್ಲ್ಯೂ3 ದರ್ಜೆಯ ಆಯಿಲ್ ತಂದೆವು.

ಹೊಗೆ ಇಳಿಯಿತು. ಪ್ಲಗ್ ಬದಲಿಸುವ ಕಾಟ ಬಹುತೇಕ ಹೋಯಿತು. ಎರಡು ಇಂಧನಗಳ ನಡುವೆ ತಿರುಗಿಸುವ ರಗಳೆಯೂ ತಪ್ಪಿತು. ಆದರೆ ದಿನಕ್ಕೆ ಇಪ್ಪತ್ತು ಲೀಟರ್ ಸೀಮೆಎಣ್ಣೆ ಕುಡಿಯುತ್ತಿದ್ದ ಎಂಜಿನ್ ಈಗ ಸುಮಾರು ಹದಿನೇಳು ಲೀಟರ್ ಪೆಟ್ರೋಲ್ ಕುಡಿಯಿತು. ಸೀಮೆಎಣ್ಣೆಯ ಕಡಿಮೆ ಆಕ್ಟೇನ್‌ಗೆ ಹೊಂದಲೆಂದು ಕಂಪ್ರೆಷನ್ ಕಡಿಮೆ ಇಟ್ಟು ಮಾಡಿದ ಎಂಜಿನ್ ಅದು. ಒಳ್ಳೆಯ ಪೆಟ್ರೋಲ್ ಕೊಟ್ಟರೂ ಅದರ ಪೂರ್ತಿ ಸತ್ವ ಹಿಂಡಿಕೊಳ್ಳಲಾರದು. ಪೆಟ್ರೋಲ್ ಲೀಟರಿಗೆ ನೂರರ ಮೇಲಿರುವಾಗ ನಾಲ್ಕರಲ್ಲೊಂದು ಭಾಗ ನೀರಿಗೆ ಹೋಗುವುದೆಂದರೆ ದಿನಕ್ಕೆ ನಾನೂರು ರೂಪಾಯಿ ಅಳಿವೆಗೆ ಸುರಿದಂತೆ.

ಪೆಟ್ರೋಲ್ ತರುವುದೇ ಇನ್ನೊಂದು ಕಷ್ಟವಾಯಿತು. ಕ್ಯಾನ್ ಹಿಡಿದು ಹೋದರೆ ಬಂಕಿನವರು ಹಾಕಲು ಹಿಂಜರಿಯುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೂ ಹೌದು. ಸೀಮೆಎಣ್ಣೆ ಮನೆಯ ಜಗಲಿಯಲ್ಲಿ ಇಟ್ಟರೂ ನಡೆಯುತ್ತಿತ್ತು. ಪೆಟ್ರೋಲ್‌ನ ಆವಿ ಹೊರಗಿನ ಎಷ್ಟೇ ತಂಪಿನಲ್ಲೂ ಕಿಡಿ ಹಿಡಿಯುತ್ತದೆ, ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಕೂರುತ್ತದೆ. ದೋಣಿಯಲ್ಲಿ ಬೀಡಿ ಸೇದುವುದು ನಿಲ್ಲಬೇಕು ಎಂದು ಮೊದಲ ದಿನವೇ ತೀರ್ಮಾನವಾಯಿತು. ಅದನ್ನು ಪಾಲಿಸಿದ್ದು ತಾಂಡೇಲರು ತಾವೇ ಮೊದಲು ಬಿಟ್ಟಿದ್ದರಿಂದ.

ತೇವದ ಸಮಸ್ಯೆಯನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಇದು ಎಲ್ಲ ಗುಂಪುಗಳಿಗೂ ಬರುವಂಥದ್ದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20 ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನಮ್ಮ ಜೂನ್ ತಿಂಗಳ ಗಾಳಿಯಲ್ಲಿ ಮುಚ್ಚಳ ಸಡಿಲವಿರುವ ಅರ್ಧ ತುಂಬಿದ ಟ್ಯಾಂಕ್ ವಾರಗಟ್ಟಲೆ ಇದ್ದರೆ, ಅಥವಾ ಅಲೆಯ ನೀರು ಸ್ವಲ್ಪ ಸೇರಿದರೆ, ಎಥೆನಾಲ್ ನೀರಿನ ಜೊತೆ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಕೊಳವೆ ಎಳೆಯುವುದು ತಳದಿಂದ. ಟು-ಸ್ಟ್ರೋಕ್‌ಗೆ ಇದು ಇನ್ನೂ ಅಪಾಯ: ಆ ತಳದ ಪದರದಲ್ಲಿ ಆಯಿಲ್ ಇರುವುದಿಲ್ಲ, ಎಂಜಿನ್ ಜಿಡ್ಡಿಲ್ಲದೆ ಓಡುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದೆವು. ಕಡಲಿಗೆ ಇಳಿಯದ ದಿನಗಳು ಸಾಲಾಗಿ ಬಂದರೆ ಟ್ಯಾಂಕ್ ಖಾಲಿ ಮಾಡುವ ರೂಢಿ ಮಾಡಿಕೊಂಡೆವು. ಅಲ್ಲಿಗೆ ಆ ತೊಂದರೆ ನಿಂತಿತು.

ಫೋರ್-ಸ್ಟ್ರೋಕ್ ಬಂದಾಗ

ಅದೇ ಜುಲೈನಲ್ಲಿ ಗುಂಪಿನ ಎಂಜಿನ್ ಮಾಲೀಕರಲ್ಲೊಬ್ಬರು 9.9ರ ಹೊಸ ಫೋರ್-ಸ್ಟ್ರೋಕ್ ತಂದರು. ಸಾಲ ಮಾಡಿ ತಂದದ್ದು. ಸಾಲ ಅವರ ಹೆಂಡತಿಯ ಸ್ವಸಹಾಯ ಸಂಘದ ಮೂಲಕ, ಹೆಂಡತಿಯ ಹೆಸರಿನಲ್ಲೇ ಆಗಿತ್ತು. ಈ ವಿವರ ಮುಂದೆ ಮುಖ್ಯವಾಗುತ್ತದೆ.

ಮೊದಲ ದಿನ ದಡದಲ್ಲಿ ಎಲ್ಲರಿಗೂ ಖುಷಿ. ಶಬ್ದವೇ ಇಲ್ಲ, ಹೊಗೆಯೇ ಇಲ್ಲ. ಅಲೆ ದಾಟುವಾಗ ಖುಷಿ ಇಳಿಯಿತು. ಬಲೆ, ಆರೇಳು ಜನ, ಐಸ್ ಹೊತ್ತ ದೋಣಿ ದಡದ ಅಲೆಯ ಮುಂದೆ ತಡವರಿಸಿತು. ಎಂಜಿನ್ ಪೂರ್ತಿ ತಿರುವಿದರೂ ಮುಂದಕ್ಕೆ ನುಗ್ಗುವ ಬಲ ಬರಲಿಲ್ಲ. ಒಂದು ಅಲೆ ಒಳಗೆ ಸುರಿಯಿತು. ಹೇಗೋ ದಾಟಿ ಹೋಗಿ ಬಂದರು. ಬಂದವರೇ ಎಂಜಿನ್ ಬಿಚ್ಚಿ ಮರಳ ಮೇಲಿಟ್ಟು, ಇದು ನಮ್ಮ ಕಡಲಿಗಲ್ಲ ಎಂದರು. ಹೆಚ್ಚಿನ ಊರುಗಳಲ್ಲಿ ಫೋರ್-ಸ್ಟ್ರೋಕ್ ಪ್ರಯೋಗ ನಿಲ್ಲುವುದು ಈ ಹಂತದಲ್ಲೇ ಎಂದು ನನಗನಿಸುತ್ತದೆ. ತಪ್ಪು ಎಂಜಿನ್ನಿನದ್ದೆಂದು ತೀರ್ಮಾನವಾಗಿಬಿಡುತ್ತದೆ, ಆ ಎಂಜಿನ್ ಮೂಲೆ ಸೇರುತ್ತದೆ, ಅದನ್ನು ನೋಡಿದ ಇನ್ನು ಹತ್ತು ಜನ ಹೊಸದು ತರುವ ಯೋಚನೆ ಬಿಡುತ್ತಾರೆ.

ನಾವು ಮಾಡಿದ್ದು ಇಷ್ಟು: ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಹಾಕಿ, ಅದೇ ಭಾರ ತುಂಬಿದ ದೋಣಿಯನ್ನು ಹೊಳೆಯ ಶಾಂತ ನೀರಿನಲ್ಲಿ ಪೂರ್ತಿ ವೇಗದಲ್ಲಿ ಓಡಿಸಿದೆವು. ನಿಮಿಷಕ್ಕೆ ಸುಮಾರು 4,500 ಸುತ್ತು. ಆ ಎಂಜಿನ್ 9.9 ಅಶ್ವಶಕ್ತಿ ಕೊಡುವುದು 5,000ದ ಮೇಲೆ. ಅಂದರೆ ಅದು ತನ್ನ ಶಕ್ತಿಯ ಹತ್ತಿರವೇ ಹೋಗುತ್ತಿರಲಿಲ್ಲ. ಜೊತೆಗೆ ಬಂದ ಪ್ರೊಪೆಲ್ಲರ್ ಹಗುರ ದೋಣಿಗೆ ಮಾಡಿದ್ದು. ಅದರ ಪಿಚ್ ಹೆಚ್ಚು, ಒಂದು ಸುತ್ತಿಗೆ ಹೆಚ್ಚು ದೂರ ಹೋಗಲು ನೋಡುತ್ತದೆ, ಭಾರದ ದೋಣಿಯಲ್ಲಿ ಎಂಜಿನನ್ನು ಉಸಿರು ಕಟ್ಟಿಸುತ್ತದೆ. ಸೀಮೆಎಣ್ಣೆ ಎಂಜಿನ್‌ಗಳು ಮೀನುಗಾರಿಕೆಗೆಂದೇ ಬಂದವು, ಗೇರ್, ಪ್ರೊಪೆಲ್ಲರ್ ಎರಡೂ ಭಾರಕ್ಕೆ ಹೊಂದಿಸಿದ್ದವು. ಟು-ಸ್ಟ್ರೋಕ್‌ಗೆ ಬಲ ಹೆಚ್ಚು ಎಂಬ ಮಾತಿನಲ್ಲಿ ದೊಡ್ಡ ಪಾಲು ಈ ಹೊಂದಾಣಿಕೆಯದ್ದು.

ಮೂರು ಇಂಚು ಕಡಿಮೆ ಪಿಚ್‌ನ ಪ್ರೊಪೆಲ್ಲರ್ ತರಿಸಲು ಕೆಲವು ದಿನ ಹಿಡಿಯಿತು. ಅದನ್ನು ಹಾಕಿದ ಮೇಲೆ ಸುತ್ತು 5,100 ದಾಟಿತು. ದೋಣಿ ಅಲೆಯನ್ನು ಹಳೆ ಎಂಜಿನ್ನಿನಷ್ಟೇ ಧೈರ್ಯವಾಗಿ ಏರಿತು. ಪೆಟ್ರೋಲ್ ಖರ್ಚು ದಿನಕ್ಕೆ ಹದಿನಾಲ್ಕು ಲೀಟರಿನಿಂದ ಹನ್ನೊಂದಕ್ಕೆ ಇಳಿಯಿತು. ಪ್ರೊಪೆಲ್ಲರಿನ ಬೆಲೆ ಎಂಜಿನ್ನಿನ ಬೆಲೆಯ ಮುಂದೆ ಏನೂ ಅಲ್ಲ. ಸಹಾಯಧನ ಕೊಡುವವರು ಎಂಜಿನ್ನಿನ ಜೊತೆ ದೋಣಿಗೆ ಹೊಂದುವ ಪ್ರೊಪೆಲ್ಲರನ್ನೂ ಸೇರಿಸಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಆಮೇಲಿನ ಎಡವಟ್ಟು ಎಂಜಿನ್ ಹೊರುವ ಕ್ರಮದಲ್ಲಿ. ಇಲ್ಲಿ ಸಂಜೆ ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ತರುತ್ತಾರೆ. ಟು-ಸ್ಟ್ರೋಕನ್ನು ಯಾವ ಬದಿಗೆ ಬೇಕಾದರೂ ಮಲಗಿಸಬಹುದು, ಅದರ ಹೊಟ್ಟೆಯಲ್ಲಿ ಎಣ್ಣೆ ನಿಂತಿರುವುದಿಲ್ಲ. ಫೋರ್-ಸ್ಟ್ರೋಕ್‌ನಲ್ಲಿ ಎಂಜಿನ್ ಆಯಿಲ್ ಕೆಳಗೆ ತುಂಬಿರುತ್ತದೆ. ತಯಾರಕರು ಹೇಳಿದ ಒಂದೇ ಬದಿಗೆ ಮಲಗಿಸಬೇಕು. ಒಂದು ಸಂಜೆ ಗೂಡ್ಸ್ ಆಟೊದಲ್ಲಿ ಇನ್ನೊಂದು ಬದಿಗೆ ಮಲಗಿಸಿ ಸಾಗಿಸಿದರು. ಬೆಳಿಗ್ಗೆ ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಸಿಲಿಂಡರಿಗೆ ಆಯಿಲ್ ಇಳಿದು ಪಿಸ್ಟನ್ ಮೇಲೆ ಕೂತಿತ್ತು. ಹುಡುಗರು ಇನ್ನೂ ಜೋರಾಗಿ ಎಳೆಯದೆ ಫೋನ್ ಮಾಡಿದ್ದು ಅದೃಷ್ಟ. ಪ್ಲಗ್ ಬಿಚ್ಚಿ ನಿಧಾನ ತಿರುಗಿಸಿ ಆಯಿಲ್ ಹೊರಹಾಕಿದೆವು, ಏನೂ ಕೆಡಲಿಲ್ಲ. ಅಂದೇ ಮುಚ್ಚಳದ ಒಂದು ಬದಿಗೆ ಕೆಂಪು ಬಣ್ಣದಲ್ಲಿ ‘ಈ ಬದಿ ಕೆಳಗೆ’ ಎಂದು ಬರೆದರು. ಎಂಜಿನ್ನಿನ ಕೈಪಿಡಿಯಲ್ಲಿ ಈ ಮಾತು ಇಂಗ್ಲಿಷಿನಲ್ಲಿ ಇತ್ತು. ಕನ್ನಡದಲ್ಲಿ ಒಂದು ಸ್ಟಿಕ್ಕರ್ ಅಂಟಿಸಲು ಮಾರುವವರಿಗೆ ಎಷ್ಟು ಖರ್ಚಾಗುತ್ತದೆ?

ಲೆಕ್ಕದ ಪುಸ್ತಕದಲ್ಲಿ ಸಿಕ್ಕಿದ ಗಂಟು

ಮಳೆಗಾಲ ಮುಗಿದಾಗ ಫೋರ್-ಸ್ಟ್ರೋಕ್ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದ್ದರು. ಆದರೂ ಉಳಿದ ಎಂಜಿನ್ ಮಾಲೀಕರು ಯಾರೂ ತರಲು ಮುಂದಾಗಲಿಲ್ಲ. ಸಹಾಯಧನ ಬಂದರೂ ಉಳಿದ ಒಂದೂವರೆ ಲಕ್ಷದಷ್ಟು ಕೈಯಿಂದ ಹಾಕಬೇಕು ಎಂಬುದು ಮೇಲಿನ ಕಾರಣ. ಒಳಗಿನ ಕಾರಣ ಹೊರಬಂದದ್ದು ಆಗಸ್ಟ್‌ನಲ್ಲಿ, ಗುಂಪಿನ ವರ್ಷದ ಲೆಕ್ಕ ನೋಡುವ ದಿನ.

ಈ ಗುಂಪಿನ ಪಾಲಿನ ಕ್ರಮ ಹೀಗೆ: ದಿನದ ಮೀನು ಮಾರಿದ ಹಣದಲ್ಲಿ ಮೊದಲು ಇಂಧನ, ಐಸ್, ತಿಂಡಿಯ ಖರ್ಚು ತೆಗೆಯುತ್ತಾರೆ. ಉಳಿದದ್ದರಲ್ಲಿ ದೋಣಿಗೆ, ಬಲೆಗೆ, ಎಂಜಿನ್ನಿಗೆ ನಿಗದಿಯಾದ ಪಾಲು. ಮಿಕ್ಕದ್ದು ಆಳಿಗೊಂದು ಪಾಲು. ಎಂಜಿನ್ನಿನ ಪಾಲು ಹಳೆ ಟು-ಸ್ಟ್ರೋಕ್‌ನ ಬೆಲೆ ನೋಡಿ ಹಿಂದೆಂದೋ ನಿಗದಿಯಾದದ್ದು.

ಸಾಲ ತಂದ ಹೆಂಗಸು ಅಂದು ಸಭೆಗೆ ಬಂದಿದ್ದರು. ಗುಂಪಿನ ಲೆಕ್ಕದ ಸಭೆಗೆ ಹೆಂಗಸರು ಬರುವುದು ಅಲ್ಲಿ ರೂಢಿಯಲ್ಲಿಲ್ಲ. ಅವರು ತಮ್ಮ ಸಂಘದ ಪಾಸ್‌ಬುಕ್ ಮುಂದಿಟ್ಟು ಕೇಳಿದರು: ದಿನಕ್ಕೆ ಆರು ಲೀಟರ್ ಪೆಟ್ರೋಲ್ ಉಳಿಯಿತು, ಟು-ಟಿ ಆಯಿಲ್ ಪೂರ್ತಿ ಉಳಿಯಿತು. ಆ ಉಳಿತಾಯ ಖರ್ಚಿನ ಕಾಲಮಿನಲ್ಲಿ ಕಡಿಮೆಯಾಗಿ ಮೂವತ್ತು ಜನರಿಗೂ ಹಂಚಿಹೋಯಿತು. ಕಂತು ಮಾತ್ರ ನನ್ನೊಬ್ಬಳ ಹೆಸರಿನಲ್ಲಿ ಬರುತ್ತಿದೆ. ಇದು ಹೇಗೆ?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈ ಇಡೀ ಪ್ರಕರಣದಲ್ಲಿ ಅದಕ್ಕಿಂತ ಮುಖ್ಯವಾದ ಕ್ಷಣ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ. ಪ್ರೊಪೆಲ್ಲರ್, ಆಯಿಲ್, ಎಥೆನಾಲ್ ಎಂದು ನಾವೆಲ್ಲ ಎಂಜಿನ್ನಿನೊಳಗೇ ಇಣುಕುತ್ತಿದ್ದಾಗ, ಬದಲಾವಣೆಯನ್ನು ಹಿಡಿದು ನಿಲ್ಲಿಸಿದ್ದ ಗಂಟು ಪಾಲಿನ ಪದ್ಧತಿಯಲ್ಲಿತ್ತು. ಎಣ್ಣೆ ಕುಡಿಯುವ ಎಂಜಿನ್ ಇಟ್ಟುಕೊಂಡವನಿಗೆ ನಷ್ಟವಿಲ್ಲ, ಎಣ್ಣೆಯ ಖರ್ಚು ಎಲ್ಲರದ್ದು. ಎಣ್ಣೆ ಉಳಿಸುವ ಎಂಜಿನ್ ತಂದವನಿಗೆ ಲಾಭವಿಲ್ಲ, ಸಾಲ ಅವನೊಬ್ಬನದ್ದು. ಹೀಗಿರುವಾಗ ಯಾರು ತಾನೇ ಬದಲಿಸುತ್ತಾರೆ?

ಮೊದಲು ಬಂದ ಸಲಹೆ ಎಂಜಿನ್ನಿನ ಪಾಲು ಹೆಚ್ಚಿಸುವುದು. ಆಳುಗಳು ಒಪ್ಪಲಿಲ್ಲ, ಒಮ್ಮೆ ಏರಿದ ಪಾಲು ಮತ್ತೆ ಇಳಿಯುವುದಿಲ್ಲ ಎಂಬ ಅವರ ಭಯ ಸುಳ್ಳಲ್ಲ. ಗುಂಪಿನವರೆಲ್ಲ ಸೇರಿ ಎಂಜಿನ್ ಕೊಳ್ಳುವುದು ಎಂಬ ಸಲಹೆಯೂ ಬಿತ್ತು. ಎಲ್ಲರದ್ದಾದ ಎಂಜಿನ್ನಿಗೆ ಸಂಜೆ ಸಿಹಿನೀರು ಹಾಕಿ ತೊಳೆಯುವವರು ಯಾರು ಎಂದು ತಾಂಡೇಲರು ಕೇಳಿದರು. ಕೊನೆಗೆ ಲೆಕ್ಕ ಬರೆಯುವ ಯುವಕ ಒಂದು ದಾರಿ ತೋರಿಸಿದ. ಫೋರ್-ಸ್ಟ್ರೋಕ್ ಇರುವ ದೋಣಿಗೂ ಪುಸ್ತಕದಲ್ಲಿ ಹಳೆ ಎಂಜಿನ್ನಿನ ಹದಿನೇಳು ಲೀಟರ್ ಲೆಕ್ಕವನ್ನೇ ಖರ್ಚು ಎಂದು ತೆಗೆಯೋಣ. ನಿಜವಾಗಿ ಖರ್ಚಾದದ್ದು ಹನ್ನೊಂದು. ನಡುವಿನ ಹಣ, ಆಯಿಲ್ ಹಣ ಸೇರಿ ದಿನಕ್ಕೆ ಸುಮಾರು ಏಳುನೂರು ರೂಪಾಯಿ, ಬೇರೆ ಡಬ್ಬಿಗೆ ಹೋಗಲಿ. ಅದರಿಂದ ಕಂತು ಕಟ್ಟೋಣ. ಯಾವ ಆಳಿನ ಕೈಗೂ ಮೊದಲಿಗಿಂತ ಒಂದು ರೂಪಾಯಿ ಕಡಿಮೆ ಬರುವುದಿಲ್ಲ. ಸಾಲ ತೀರಿದ ದಿನದಿಂದ ನಿಜವಾದ ಖರ್ಚನ್ನೇ ಬರೆಯುವುದು, ಆಗ ಉಳಿತಾಯ ಎಲ್ಲರಿಗೂ.

ಇದಕ್ಕೆ ಎರಡು ಷರತ್ತು ಸೇರಿದವು. ಸಾಲ ತೀರುವ ಮೊದಲು ಎಂಜಿನ್ ಮಾಲೀಕ ಗುಂಪು ಬಿಟ್ಟರೆ ಡಬ್ಬಿಯಿಂದ ಕಟ್ಟಿದ ಹಣ ಹಿಂದಿರುಗಿಸಬೇಕು. ಗುಂಪಿನ ತಪ್ಪಿನಿಂದ ಎಂಜಿನ್ ಕೆಟ್ಟರೆ ದುರಸ್ತಿ ಡಬ್ಬಿಯಿಂದ. ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ಹಿಂದಿನ ಜುಲೈನಲ್ಲಿ ಎಲ್ಲರಿಗೂ ಹಂಚಿಹೋಗಿದ್ದ ಉಳಿತಾಯವನ್ನು ಆ ಹೆಂಗಸಿಗೆ ಮರಳಿ ಕೊಡಬೇಕೇ ಎಂಬ ಮಾತು ಬಂದಾಗ, ಅವರೇ ಬೇಡವೆಂದರು.

ಎರಡನೆಯ ಮಳೆಗಾಲ

ಮುಂದಿನ ಜೂನ್ ಹೊತ್ತಿಗೆ ಮೂರು ದೋಣಿಗಳಿಗೆ ಫೋರ್-ಸ್ಟ್ರೋಕ್ ಬಂದಿತ್ತು. ಎಲ್ಲಕ್ಕೂ ಕಡಿಮೆ ಪಿಚ್‌ನ ಪ್ರೊಪೆಲ್ಲರ್, ಎಲ್ಲದರ ಮೇಲೂ ಕೆಂಪು ಬಣ್ಣದ ಬರಹ. ಮೊದಲ ಇಪ್ಪತ್ತು ಗಂಟೆಗೆ ಒಮ್ಮೆ, ಆಮೇಲೆ ನೂರು ಗಂಟೆಗೊಮ್ಮೆ ಆಯಿಲ್ ಬದಲಿಸಲು ಗುಂಪಿನ ಇಬ್ಬರು ಯುವಕರಿಗೆ ಕಲಿಸಿದೆ. ವಾಲ್ವ್ ಅಂತರ ನೋಡುವುದನ್ನೂ ಅವರು ಕಲಿತರು. ‘ಸಮುದ್ರದ ಮಧ್ಯ ಯಾರು ಬತ್ರ್’ ಎಂಬ ಪ್ರಶ್ನೆಗೆ ಗುಂಪು ತಾನೇ ಕಂಡುಕೊಂಡ ಉತ್ತರ: ದೋಣಿಗಳು ಒಂದರ ಕಣ್ಣಳತೆಯಲ್ಲಿ ಇನ್ನೊಂದು ಇರುವುದು, ಬದಲಿಸಲು ಬೇಕಾದ ಪ್ಲಗ್, ಫಿಲ್ಟರ್, ಹಗ್ಗ ನೀರು ಹೋಗದ ಡಬ್ಬಿಯಲ್ಲಿ ಪ್ರತಿ ದೋಣಿಯಲ್ಲೂ ಇರುವುದು.

ನಾಲ್ಕನೆಯ ದೋಣಿಯ ಬಗ್ಗೆ ಪ್ರಾಮಾಣಿಕವಾಗಿ ಬರೆಯಬೇಕು. ಅದು ಬಲೆಯ ತುದಿ ಹಿಡಿದು ದಡದ ಅಲೆಯಲ್ಲೇ ಹೆಚ್ಚು ಓಡಾಡುವ ಸಣ್ಣ ದೋಣಿ. ಜೂನ್ ಕೊನೆಯಲ್ಲಿ ಅದು ಮಗುಚಿತು. ಜನರಿಗೆ ಏನೂ ಆಗಲಿಲ್ಲ, ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದರು. ಹಳೆ ಟು-ಸ್ಟ್ರೋಕ್ ಮುಳುಗಿ ಮರಳು ಕಚ್ಚಿತ್ತು. ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಕಾರ್ಬ್ಯುರೇಟರ್ ಒಣಗಿಸಿ, ಆಯಿಲ್ ಬಿಟ್ಟು ಎಳೆದರು. ಸಂಜೆಯೊಳಗೆ ಎಂಜಿನ್ ಎದ್ದು ನಿಂತಿತು. ಅದೇ ಜಾಗದಲ್ಲಿ ಫೋರ್-ಸ್ಟ್ರೋಕ್ ಇದ್ದಿದ್ದರೆ ಉಪ್ಪುನೀರು ಕ್ರ್ಯಾಂಕ್‌ಕೇಸಿಗೆ ಇಳಿದು, ಆಯಿಲ್ ಹಾಲಿನಂತಾಗಿ, ಮೂರ್ನಾಲ್ಕು ಸಲ ಆಯಿಲ್ ಬದಲಿಸಬೇಕಾಗುತ್ತಿತ್ತು. ತಡಮಾಡಿದರೆ ಬೇರಿಂಗ್‌ಗಳೇ ಹೋಗುತ್ತಿದ್ದವು. ಆ ದೋಣಿಯ ಟು-ಸ್ಟ್ರೋಕನ್ನು ಬದಲಿಸಬಾರದೆಂದು ಗುಂಪು ತೀರ್ಮಾನಿಸಿತು. ಅದು ಪೆಟ್ರೋಲ್‌ನಲ್ಲಿ ಓಡುತ್ತದೆ, ದಿನಕ್ಕೆ ಒಂದೆರಡು ಗಂಟೆ ಮಾತ್ರ. ನಾನು ಆ ತೀರ್ಮಾನವನ್ನು ಬೆಂಬಲಿಸಿದೆ, ಇವತ್ತೂ ಬೆಂಬಲಿಸುತ್ತೇನೆ. ಅಲೆಯ ಬಾಯಿಯಲ್ಲಿ ಕೆಲಸ ಮಾಡುವ ದೋಣಿಗೆ ಬೇಗ ಎದ್ದು ನಿಲ್ಲುವ ಎಂಜಿನ್ ಜ್ವರ ಬಂದವನಿಗೆ ಔಷಧದಷ್ಟೇ ಅಗತ್ಯದ್ದು. ಅದರಿಂದ ನೀರಿಗೆ ಹೋಗುವ ಎಣ್ಣೆ ಮೊದಲಿನ ನಾಲ್ಕು ಎಂಜಿನ್‌ಗಳದ್ದರ ಒಂದು ಸಣ್ಣ ಭಾಗ. ನಿಯಮ ಮಾಡುವವರು ಎಲ್ಲ ದೋಣಿಗೂ ಒಂದೇ ಗೆರೆ ಎಳೆದರೆ ಇಂಥ ದೋಣಿಗಳು ಹುಟ್ಟು ಹಾಕಿಕೊಂಡು ಅಲೆ ದಾಟಬೇಕಾಗುತ್ತದೆ.

ಆ ಮಳೆಗಾಲದ ಕೊನೆಗೆ ಡಬ್ಬಿಯ ಲೆಕ್ಕ ನೋಡಿದಾಗ, ಮೊದಲ ಫೋರ್-ಸ್ಟ್ರೋಕ್‌ನ ಸಾಲ ಅರ್ಧಕ್ಕಿಂತ ಹೆಚ್ಚು ತೀರಿತ್ತು. ಮಳೆಗಾಲವಷ್ಟೇ ಅಲ್ಲದೆ ಆ ದೋಣಿ ಸೆಪ್ಟೆಂಬರಿನಿಂದ ಮೇವರೆಗೂ ಕಂತಬಲೆಗೆ ಹೋಗಿದ್ದರಿಂದ ಇದು ಸಾಧ್ಯವಾಯಿತು. ಮಳೆಗಾಲ ಮಾತ್ರ ಇಳಿಯುವ ದೋಣಿಗೆ ಇದೇ ಲೆಕ್ಕ ಹೊಂದುವುದಿಲ್ಲ. ಕಡಲಿಗೆ ಇಳಿಯುವ ದಿನಗಳು ಕಡಿಮೆಯಾದಷ್ಟೂ ಸಾಲ ತೀರಲು ಹೆಚ್ಚು ವರ್ಷ ಹಿಡಿಯುತ್ತದೆ, ಅಂಥವರಿಗೆ ಸಹಾಯಧನ ಹೆಚ್ಚು ಬೇಕು.

ಪಕ್ಕದ ಊರಿನ ಎರಡು ಗುಂಪುಗಳು ಬಂದು ನೋಡಿ ಹೋಗಿವೆ. ಅವರಿಗೆ ಎಂಜಿನ್ ತೋರಿಸುವ ಮೊದಲು ಲೆಕ್ಕ ಬರೆಯುವ ಯುವಕ ಆ ಸಹಿ ಹಾಕಿದ ಹಾಳೆಯ ಜೆರಾಕ್ಸ್ ಕೊಡುತ್ತಾನೆ. ಒಂದು ಗುಂಪು ಅದನ್ನೇ ತಮ್ಮ ಪಾಲಿನ ಕ್ರಮಕ್ಕೆ ತಕ್ಕಂತೆ ತಿದ್ದಿಕೊಂಡು ಒಂದು ಎಂಜಿನ್ ತಂದಿದೆ. ಇನ್ನೊಂದು ಗುಂಪಿನಲ್ಲಿ ಎಂಜಿನ್ ಮಾಲೀಕರು, ಆಳುಗಳು ಇನ್ನೂ ಒಪ್ಪಂದಕ್ಕೆ ಬಂದಿಲ್ಲ. ಹದಿನೇಳು ಲೀಟರ್ ಎಂಬ ಹಳೆ ಲೆಕ್ಕ ತಮ್ಮ ಎಂಜಿನ್‌ಗಳಿಗೆ ಸರಿಯೇ ಎಂಬ ಬಗ್ಗೆ ಅಲ್ಲಿ ತಕರಾರಿದೆ. ಮುಂದಿನ ಮೇ ತಿಂಗಳಲ್ಲಿ ಅವರ ಹಳೆ ಎಂಜಿನನ್ನು ಅಳತೆಯ ಕ್ಯಾನಿನಿಂದ ಓಡಿಸಿ, ಎರಡೂ ಕಡೆಯವರ ಎದುರಿನಲ್ಲೇ ಲೀಟರ್ ಬರೆದುಕೊಳ್ಳುವುದೆಂದು ಮಾತಾಗಿದೆ.